ಓದುಗರ ಪ್ರಶ್ನೋತ್ತರ: ಪದವಿಯಲ್ಲಿ ಭೌತಶಾಸ್ತ್ರ, ಕಣ್ಣಲ್ಲಿ ಖಗೋಳ

ಪಿಯುಸಿ ಫಲಿತಾಂಶದ ಹೊತ್ತಿಗೆ ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರದ ಓದಿನ ಬಗ್ಗೆ ಬೆಂಗಳೂರಿನ ಓದುಗರಿಂದ ಸಾಕಷ್ಟು ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಖಗೋಳ ವಿಜ್ಞಾನಿ ಆಗಬೇಕು. ‘ಆಸ್ಟ್ರಾನಮಿ’ ಎಂದು ಹೆಸರಿರುವ ಬಿಎಸ್ಸಿ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಯಾವ ಕಾಂಬಿನೇಷನ್ ತೆಗೆದುಕೊಳ್ಳಲಿ? — ವಿದ್ಯಾರ್ಥಿನಿ, ಚಾಮರಾಜಪೇಟೆ

ಉತ್ತರ: ಆ ಹೆಸರನ್ನು ಹುಡುಕುವುದು ಬಿಡಿ. ಪದವಿ ಹಂತದಲ್ಲಿ ಖಗೋಳ ಎಂದರೆ ಮುಕ್ಕಾಲು ಪಾಲು ಭೌತಶಾಸ್ತ್ರ ಮತ್ತು ಗಣಿತವೇ. ನಕ್ಷತ್ರದ ಒಡಲು ತಿಳಿಯಲು ಉಷ್ಣಗತಿಶಾಸ್ತ್ರ ಬೇಕು, ರೋಹಿತ (ಬೆಳಕಿನ ಸ್ಪೆಕ್ಟ್ರಂ) ಓದಲು ಕ್ವಾಂಟಂ ಬೇಕು, ಕಕ್ಷೆ ಲೆಕ್ಕ ಹಾಕಲು ಯಂತ್ರಶಾಸ್ತ್ರ ಬೇಕು. ಇವು ಗಟ್ಟಿಯಾಗಿರುವವರಿಗೆ ಎಂಎಸ್ಸಿ ಅಥವಾ ಪಿಎಚ್‌ಡಿಯ ಮೊದಲ ವರ್ಷದಲ್ಲಿ ಖಗೋಳ ಕಲಿಸುವುದು ಕಷ್ಟವಲ್ಲ. ಇವು ಸಡಿಲವಾಗಿದ್ದರೆ ನಕ್ಷತ್ರಪುಂಜಗಳ ಹೆಸರೆಲ್ಲ ಬಾಯಿಪಾಠ ಇದ್ದರೂ ಪ್ರಯೋಜನವಿಲ್ಲ.

ಭೌತಶಾಸ್ತ್ರ ಮತ್ತು ಗಣಿತ ಎರಡೂ ಕೊನೆಯ ಸೆಮಿಸ್ಟರ್‌ವರೆಗೆ ಮುಖ್ಯ ವಿಷಯಗಳಾಗಿ ಉಳಿಯುವ ಕಾಂಬಿನೇಷನ್ ತೆಗೆದುಕೊಳ್ಳಿ. ಮೂರನೆಯದು ರಸಾಯನಶಾಸ್ತ್ರವೋ ಎಲೆಕ್ಟ್ರಾನಿಕ್ಸೋ ಕಂಪ್ಯೂಟರ್ ಸೈನ್ಸೋ ಎಂಬುದು ಎರಡನೇ ಮಾತು. ನಮ್ಮನ್ನು ಕೇಳಿದರೆ ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಎನ್ನುತ್ತೇವೆ. ಇವತ್ತಿನ ಖಗೋಳ ನಡೆಯುವುದು ಸೆನ್ಸರ್ ಮತ್ತು ಕೋಡ್ ಮೇಲೆ. ರಾಜ್ಯದ ವಿಶ್ವವಿದ್ಯಾಲಯಗಳು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿವೆ. ಹಾಗಾಗಿ ಅದರ ಮೇಲೆ ಎರಡು ವರ್ಷದ ಎಂಎಸ್ಸಿ ಸೇರಿಸಿಯೇ ಯೋಚಿಸಿ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಭೌತಶಾಸ್ತ್ರದ ಲ್ಯಾಬ್ ತೋರಿಸಿ ಎನ್ನಿ. ಒಂದು ಉಪಕರಣಕ್ಕೆ ಎಷ್ಟು ಮಂದಿ ಎಂದು ಕೇಳಿ. ಇಬ್ಬರಾದರೆ ಒಳ್ಳೆಯದು. ಐದಾರು ಜನ ಎಂದರೆ ಒಬ್ಬ ಪ್ರಯೋಗ ಮಾಡುತ್ತಾನೆ, ಉಳಿದವರು ಅಂಕಿ ಬರೆದುಕೊಳ್ಳುತ್ತಾರೆ. ಹಿಂದಿನ ವರ್ಷದ ಲ್ಯಾಬ್ ರೆಕಾರ್ಡ್ ಒಂದನ್ನು ತೆರೆದು ನೋಡಿ: ಉತ್ತರದ ಮುಂದೆ ದೋಷದ ಅಂದಾಜು, ಅಂದರೆ ಪ್ಲಸ್–ಮೈನಸ್ ಅಂಕಿ ಇದೆಯೇ? ಇದ್ದರೆ ಅಲ್ಲಿ ಕಲಿಸುವವರಿದ್ದಾರೆ.

ಇದಲ್ಲದೆ ಹಿರಿಯರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ. ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಎಲ್ಲ ವಿಜ್ಞಾನ, ಆಮೇಲೆ ವಿಶೇಷ ವಿಷಯ, ಕೊನೆಯ ವರ್ಷ ಸಂಶೋಧನಾ ಯೋಜನೆ. ಕೇಂದ್ರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಾದ ಐಸರ್‌ಗಳು ನಡೆಸುವ ಐಎಟಿ ಪ್ರವೇಶ ಪರೀಕ್ಷೆಯನ್ನು ತಪ್ಪದೆ ಬರೆಯಿರಿ. ಯಾವ ಪರೀಕ್ಷೆಯ ಅಂಕ ಒಪ್ಪುತ್ತಾರೆ ಎಂಬುದು ಬದಲಾಗುತ್ತಿರುತ್ತದೆ, ಆಯಾ ವರ್ಷದ ಪ್ರಕಟಣೆ ಓದಿ.

ಪ್ರಶ್ನೆ: ಮೊದಲ ಸೆಮಿಸ್ಟರ್ ಲ್ಯಾಬಿನಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿದೆ. 9.70 ಬಂತು. ಗೆಳೆಯರು 9.81 ಬರುವ ಹಾಗೆ ಸಮಯ ತಿದ್ದಿ ಬರೆದರು. ನಾನು ಏನು ಮಾಡಬೇಕಿತ್ತು? — ಬಿಎಸ್ಸಿ ವಿದ್ಯಾರ್ಥಿ, ವಿಜಯನಗರ

ಉತ್ತರ: ಮೊದಲಿಗೆ, ಬೆಂಗಳೂರಿನಲ್ಲಿ ಆ ಮೌಲ್ಯ 9.81 ಅಲ್ಲವೇ ಅಲ್ಲ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಸಮಭಾಜಕಕ್ಕೆ ಹತ್ತಿರವಾದಷ್ಟೂ ಭೂಮಿಯ ಉಬ್ಬು ಮತ್ತು ತಿರುಗುವಿಕೆಯಿಂದ ಗುರುತ್ವ ಕಡಿಮೆಯಾಗುತ್ತದೆ, ಎತ್ತರದಿಂದ ಇನ್ನೂ ಒಂದಿಷ್ಟು. ಇಲ್ಲಿನ ಮೌಲ್ಯ 9.78ರ ಆಸುಪಾಸು. ಅಂಕಿ ತಿದ್ದಿದ ನಿಮ್ಮ ಗೆಳೆಯರು ಯುರೋಪಿನ ಯಾವುದೋ ಊರಿನ ಗುರುತ್ವವನ್ನು ಬೆಂಗಳೂರಿನ ಲ್ಯಾಬಿಗೆ ತಂದಿದ್ದಾರೆ.

ಈಗ ನಿಮ್ಮ 9.70. ಒಂದು ಮೀಟರ್ ಉದ್ದದ ಲೋಲಕದ ಅವಧಿ ಇಲ್ಲಿ 2.009 ಸೆಕೆಂಡ್, 20 ಆಂದೋಲನಕ್ಕೆ 40.18 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವ ಕೈಯ ತಡ, ಶುರು ಮತ್ತು ಕೊನೆ ಸೇರಿ, 0.2 ಸೆಕೆಂಡ್ ಎಂದಿಟ್ಟುಕೊಳ್ಳಿ. ಅದು ಅವಧಿಯಲ್ಲಿ ಶೇ 0.5 ದೋಷ. ಸೂತ್ರದಲ್ಲಿ ಅವಧಿಯ ವರ್ಗ ಇರುವುದರಿಂದ ಉತ್ತರದಲ್ಲಿ ಅದು ಶೇ 1 ಆಗುತ್ತದೆ, ಅಂದರೆ 0.1. ಆದ್ದರಿಂದ 20 ಆಂದೋಲನ ಎಣಿಸಿದವರು ಪ್ರಾಮಾಣಿಕವಾಗಿ ಬರೆಯಬಹುದಾದದ್ದು 9.70 ಪ್ಲಸ್–ಮೈನಸ್ 0.1. ಅದರೊಳಗೆ 9.78 ಸೇರಿಯೇ ಇದೆ. ನಿಮ್ಮ ಉತ್ತರ ತಪ್ಪಲ್ಲ, ಅಪೂರ್ಣ. 100 ಆಂದೋಲನ ಎಣಿಸಿ: ಅದೇ 0.2 ಸೆಕೆಂಡ್ ಈಗ 201 ಸೆಕೆಂಡಿನಲ್ಲಿ ಹಂಚಿಹೋಗಿ, ಸಮಯದಿಂದ ಬರುವ ದೋಷ ಶೇ 0.2ಕ್ಕೆ ಇಳಿಯುತ್ತದೆ.

ಆದರೂ ಉತ್ತರ ಒಂದೇ ಕಡೆಗೆ ವಾಲುತ್ತಿದ್ದರೆ ಕಾರಣ ಹುಡುಕಬೇಕು. ಹೆಚ್ಚಿನ ಲ್ಯಾಬ್‌ಗಳಲ್ಲಿ ಆಗುವ ತಪ್ಪು ಮೂರು. ಮೊದಲನೆಯದು, ಗುಂಡನ್ನು ತುಂಬಾ ದೂರ ಎಳೆದು ಬಿಡುವುದು. ನಮ್ಮ ಸೂತ್ರ ಸಣ್ಣ ಕೋನಕ್ಕೆ ಮಾತ್ರ. 15 ಡಿಗ್ರಿ ಎಳೆದರೆ ಅವಧಿ ಶೇ 0.43 ಹೆಚ್ಚುತ್ತದೆ, ಉತ್ತರ ಶೇ 0.86 ಕುಸಿಯುತ್ತದೆ, 9.78 ಇದ್ದದ್ದು 9.70 ಆಗುತ್ತದೆ. ನಿಮ್ಮದು ಇದೇ ಇರಬಹುದು. ಒಂದು ಮೀಟರ್ ದಾರಕ್ಕೆ ಗುಂಡನ್ನು 8–9 ಸೆಂಟಿಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಎಳೆಯಬೇಡಿ, ಅದು 5 ಡಿಗ್ರಿ. ಎರಡನೆಯದು, ಉದ್ದವನ್ನು ಗುಂಡಿನ ಕೊಕ್ಕೆಯವರೆಗೆ ಅಳೆದು ನಿಲ್ಲಿಸುವುದು. ಅಳೆಯಬೇಕಾದದ್ದು ಗುಂಡಿನ ನಡುಮಧ್ಯದವರೆಗೆ. ಒಂದು ಸೆಂಟಿಮೀಟರ್ ಬಿಟ್ಟರೂ ಒಂದು ಮೀಟರಿಗೆ ಶೇ 1 ಹೋಯಿತು. ಮೂರನೆಯದು ಎಣಿಕೆ. ವಾಚ್ ಒತ್ತುವಾಗ ‘ಒಂದು’ ಎಂದರೆ ಕೊನೆಗೆ 19 ಆಂದೋಲನವನ್ನು 20 ಎಂದು ಬರೆದಿರುತ್ತೀರಿ, ಉತ್ತರ 10.8ಕ್ಕೆ ಹಾರುತ್ತದೆ. ‘ಸೊನ್ನೆ’ ಎಂದು ಶುರು ಮಾಡಿ. ಗುಂಡು ಕೆಳಗಿನ ಮಧ್ಯಬಿಂದು ದಾಟುವಾಗಲೇ ವಾಚ್ ಒತ್ತಿ. ಅಲ್ಲಿ ವೇಗ ಹೆಚ್ಚು, ದಾಟಿದ ಕ್ಷಣ ಖಚಿತ. ತುದಿಯಲ್ಲಿ ಗುಂಡು ನಿಂತಂತೆ ಕಾಣುವುದರಿಂದ ಕಣ್ಣು ಮೋಸ ಹೋಗುತ್ತದೆ.

ಇನ್ನೂ ಒಳ್ಳೆಯ ದಾರಿ ಗ್ರಾಫ್. 60ರಿಂದ 120 ಸೆಂಟಿಮೀಟರ್‌ವರೆಗೆ ಐದು ಉದ್ದ ತೆಗೆದುಕೊಂಡು, ಅಡ್ಡ ಅಕ್ಷದಲ್ಲಿ ಉದ್ದ, ಲಂಬ ಅಕ್ಷದಲ್ಲಿ ಅವಧಿಯ ವರ್ಗ ಗುರುತಿಸಿ. ಗೆರೆಯ ಇಳಿಜಾರು ಪ್ರತಿ ಮೀಟರಿಗೆ 4.04 ಸೆಕೆಂಡ್ ವರ್ಗದ ಹತ್ತಿರ ಬರಬೇಕು. 39.48 ಅನ್ನು (ಸೂತ್ರದ 4π²) ಅದರಿಂದ ಭಾಗಿಸಿದರೆ ಗುರುತ್ವ. ಕೊಕ್ಕೆಯವರೆಗೆ ಮಾತ್ರ ಅಳೆದಿದ್ದರೆ ಗೆರೆ ಮೂಲಬಿಂದುವಿನ ಬದಲು ಮೈನಸ್ ಒಂದು ಸೆಂಟಿಮೀಟರಿನಲ್ಲಿ ಅಡ್ಡ ಅಕ್ಷವನ್ನು ಮುಟ್ಟುತ್ತದೆ. ಇಳಿಜಾರು ಮಾತ್ರ ಬದಲಾಗುವುದಿಲ್ಲ. ತಪ್ಪು ಎಲ್ಲಿದೆ ಎಂದು ಗ್ರಾಫ್ ತಾನೇ ಹೇಳಿ, ಉತ್ತರವನ್ನೂ ಕಾಪಾಡುತ್ತದೆ. ದೂರದರ್ಶಕದ ದತ್ತಾಂಶದ ಮುಂದೆ ಕೂತಾಗಲೂ ಮಾಡುವ ಕೆಲಸ ಇದೇ. ಅದಕ್ಕೇ ಈ ಉತ್ತರವನ್ನು ಇಷ್ಟು ಬೆಳೆಸಿದೆವು. ತಿದ್ದಿದ ಅಂಕಿಯಿಂದ ಸಹಿ ಸಿಗುತ್ತದೆ, ಆದರೆ ಕಲಿಯಬೇಕಾದ ಒಂದೇ ಒಂದು ವಿಷಯ ಅಲ್ಲಿಯೇ ಕಳೆದುಹೋಗುತ್ತದೆ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿ ಹೇಗೋ ದಾಟಿದೆ. ಈಗ ಪದವಿ ತರಗತಿಯಲ್ಲಿ ಲೆಕ್ಚರ್ ಅರ್ಥವಾಗುತ್ತದೆ, ಬರೆಯಲು ಹೋದರೆ ಕೈ ಓಡುವುದಿಲ್ಲ. — ಹಾಸ್ಟೆಲ್ ವಿದ್ಯಾರ್ಥಿ, ಜ್ಞಾನಭಾರತಿ

ಉತ್ತರ: ನಿಮಗೆ ಒಂದು ಅನುಕೂಲ ಇದೆ, ಅದನ್ನು ಬಿಟ್ಟುಕೊಡಬೇಡಿ. ಕನ್ನಡ ಪಠ್ಯಗಳಲ್ಲಿ ‘ಜವ’ ಬೇರೆ, ‘ವೇಗ’ ಬೇರೆ: ದಿಕ್ಕಿಲ್ಲದ್ದು ಜವ, ದಿಕ್ಕಿರುವುದು ವೇಗ. ಇಂಗ್ಲಿಷಿನ ಸ್ಪೀಡ್ ಮತ್ತು ವೆಲಾಸಿಟಿಯನ್ನು ಒಂದೇ ಎಂದುಕೊಂಡು ಬರುವ ಎಷ್ಟೋ ಮಂದಿಗೆ ಈ ಭೇದ ಮೊದಲ ವರ್ಷದಲ್ಲಿ ತೊಡಕಾಗುತ್ತದೆ. ನಿಮಗೆ ಏಳನೇ ಎಂಟನೇ ತರಗತಿಯಿಂದಲೇ ಅದು ಗೊತ್ತು.

ತೊಂದರೆ ಬರುವುದು ಮನೆಮಾತಿನಿಂದ. ‘ಕರೆಂಟ್ ಹೋಯ್ತು’ ಎನ್ನುತ್ತೇವೆ. ಭೌತಶಾಸ್ತ್ರದಲ್ಲಿ ಕರೆಂಟ್ ಎಂದರೆ ಸೆಕೆಂಡಿಗೆ ಹರಿಯುವ ಆವೇಶ. ಬೆಸ್ಕಾಂನವರು ಮನೆಗೆ ಕೊಡುವುದು ವೋಲ್ಟೇಜು, ಕರೆಂಟ್ ಎಷ್ಟು ಹರಿಯಬೇಕು ಎಂದು ನಿರ್ಧರಿಸುವುದು ನೀವು ಹಾಕಿದ ಮಿಕ್ಸಿ, ಗೀಸರು. ‘ನನ್ನ ತೂಕ 60 ಕೆಜಿ’ ಎನ್ನುತ್ತೇವೆ. ಅದು ದ್ರವ್ಯರಾಶಿ, ತೂಕ ಸುಮಾರು 587 ನ್ಯೂಟನ್. ‘ಶಕ್ತಿ’ಯನ್ನು ಬಲಕ್ಕೂ ಸಾಮರ್ಥ್ಯಕ್ಕೂ ಬಳಸುತ್ತೇವೆ, ಅಲ್ಲಿ ಮೂರೂ ಬೇರೆ ಬೇರೆ ಏಕಮಾನದವು.

ಒಂದು ನೋಟ್‌ಬುಕ್ ಇಡಿ. ಪ್ರತಿ ಹೊಸ ಪರಿಮಾಣಕ್ಕೆ ಒಂದು ಸಾಲು: ಕನ್ನಡ ಪದ, ಇಂಗ್ಲಿಷ್ ಪದ, ಚಿಹ್ನೆ, ಏಕಮಾನ, ದಿಕ್ಕು ಇದೆಯೋ ಇಲ್ಲವೋ. ಅದರ ಕೆಳಗೆ ಆ ಪದ ಬಳಸಿದ ಒಂದು ಇಂಗ್ಲಿಷ್ ವಾಕ್ಯವನ್ನು ನೀವೇ ಕಟ್ಟಿ ಬರೆಯಿರಿ. ದಿನಕ್ಕೆ ಮೂರು ಸಾಕು. ಪರೀಕ್ಷೆಯ ಉತ್ತರಗಳಲ್ಲಿ ಬಳಕೆಯಾಗುವ ಇಂಗ್ಲಿಷ್ ವಾಕ್ಯದ ಮಾದರಿಗಳು ಮೂವತ್ತು ನಲವತ್ತಕ್ಕಿಂತ ಹೆಚ್ಚಿಲ್ಲ: ‘ಎಂದು ಇಟ್ಟುಕೊಳ್ಳೋಣ’, ‘ಆದ್ದರಿಂದ’, ‘ಇದನ್ನು ಅಲ್ಲಿ ಹಾಕಿದರೆ’, ‘ಗೆ ಅನುಪಾತದಲ್ಲಿ’. ಅವನ್ನು ಬೇರೆಯಾಗಿ ಕಲಿಯಿರಿ. ಯೋಚನೆ ಕನ್ನಡದಲ್ಲೇ ನಡೆಯಲಿ, ಅದರಿಂದ ಯಾವ ನಷ್ಟವೂ ಇಲ್ಲ.

ಪ್ರಶ್ನೆ: ಪಿಯುಸಿ ಗಣಿತದಲ್ಲಿ ನೂರಕ್ಕೆ 97. ಪದವಿಯ ಮೊದಲ ಟೆಸ್ಟ್‌ನಲ್ಲಿ ಅರ್ಧವೂ ಬರಲಿಲ್ಲ. ಎಲ್ಲಿ ಎಡವಿದೆ? — ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಕೋಚಿಂಗ್ ಕಲಿಸಿದ್ದು ಸೂತ್ರ ಗುರುತಿಸಿ ಅಂಕಿ ತುಂಬುವುದನ್ನು. ಇಲ್ಲಿ ಕೇಳುವುದು ಆ ಸೂತ್ರ ಎಲ್ಲಿಂದ ಬಂತು ಎಂದು. ಓದಿದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ವ್ಯುತ್ಪತ್ತಿಯನ್ನು ಮೊದಲಿಂದ ಬರೆಯಿರಿ. ಸಿಕ್ಕಿಕೊಂಡ ಜಾಗವೇ ನಿಮಗೆ ಅರ್ಥವಾಗದ ಜಾಗ. ಪುಸ್ತಕ ತೆರೆದು ಆ ಒಂದು ಸಾಲು ಮಾತ್ರ ನೋಡಿ, ಮತ್ತೆ ಮುಚ್ಚಿ.

ಉತ್ತರ ಬಂದ ಮೇಲೆ ಗೊತ್ತಿರುವ ಸಂಗತಿಯೊಂದಿಗೆ ತಾಳೆ ನೋಡುವ ಅಭ್ಯಾಸ ಮಾಡಿ. ಕಕ್ಷೆಯ ಅವಧಿಯ ವರ್ಗ ತ್ರಿಜ್ಯದ ಘನಕ್ಕೆ ಅನುಪಾತ ಎಂದು ಸಾಧಿಸಿದಿರಿ. ಸರಿಯೇ? ಭೂಸ್ಥಿರ ಉಪಗ್ರಹ ಭೂಕೇಂದ್ರದಿಂದ 42,164 ಕಿ.ಮೀ. ದೂರದಲ್ಲಿ 1,436 ನಿಮಿಷಕ್ಕೆ ಒಂದು ಸುತ್ತು. 400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣದ ತ್ರಿಜ್ಯ 6,778 ಕಿ.ಮೀ. ಅನುಪಾತ 6.22, ಅದರ ಒಂದೂವರೆ ಘಾತ 15.5. 1,436 ಅನ್ನು 15.5ರಿಂದ ಭಾಗಿಸಿದರೆ 92 ನಿಮಿಷ ಚಿಲ್ಲರೆ. ನಿಲ್ದಾಣ ನಿಜಕ್ಕೂ ಅಷ್ಟರಲ್ಲೇ ಸುತ್ತುತ್ತದೆ. ಈ ತಾಳೆ ನೋಡಲು ಎರಡು ನಿಮಿಷ ಸಾಕು, ಇಡೀ ಅಧ್ಯಾಯ ಕೈಗೆ ಬರುತ್ತದೆ. ಇನ್ನೊಂದು ಸಣ್ಣ ಮಾತು: ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡಿಕೊಳ್ಳಿ. ಪೈಥಾನ್ ಯಾವಾಗಲೂ ರೇಡಿಯನ್.

ಪ್ರಶ್ನೆ: ಬೆಂಗಳೂರಿನ ಮಾಳಿಗೆಯಿಂದ ನಿಜವಾದ ಖಗೋಳ ಮಾಪನ ಸಾಧ್ಯವೇ? ಬೆಳಕಿನ ಮಾಲಿನ್ಯದಲ್ಲಿ ಏನೂ ಕಾಣುವುದಿಲ್ಲ. ಎರಡನೇ ವರ್ಷದ ಪ್ರಾಜೆಕ್ಟ್‌ಗೆ ಬೇಕು. ಹತ್ತಿರ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ. — ಮೂವರು ವಿದ್ಯಾರ್ಥಿಗಳು, ಜಯನಗರ

ಉತ್ತರ: ಸಾಧ್ಯ, ದೂರದರ್ಶಕವೂ ಬೇಡ. ಆಲ್ಗಾಲ್ ನಕ್ಷತ್ರವನ್ನು ಆರಿಸಿ. ಕನ್ನಡದ ನಕ್ಷತ್ರಪಟಗಳಲ್ಲಿ ಪಾರ್ಥ ಎಂದು ಕರೆಯುವ ಪರ್ಸಿಯಸ್ ಪುಂಜದಲ್ಲಿದೆ, ಬೆಂಗಳೂರಿನಲ್ಲಿ ಉತ್ತರ ದಿಕ್ಕಿಗೆ 62 ಡಿಗ್ರಿ ಎತ್ತರಕ್ಕೆ ಏರುತ್ತದೆ. ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳಲ್ಲಿ ಮಂಕಾದದ್ದು ಪ್ರಕಾಶವಾದದ್ದನ್ನು ಮರೆಮಾಡಿದಾಗ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು) 2.1ರಿಂದ 3.4ಕ್ಕೆ ಇಳಿಯುತ್ತದೆ. ಉಳಿಯುವ ಬೆಳಕು ಮೂರನೇ ಒಂದು ಪಾಲಿಗಿಂತ ಕಡಿಮೆ. ಇದು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ. ಇಳಿದು ಏರಲು ಸುಮಾರು 10 ಗಂಟೆ. ಈ ಅವಧಿಯನ್ನು ಅಳೆದು, ಗ್ರಹಣದ ಕಾರಣ ಸೂಚಿಸಿದ್ದು 1783ರಲ್ಲಿ ಜಾನ್ ಗುಡ್ರಿಕ್, ಬರಿಗಣ್ಣಿನಿಂದ. ನಮ್ಮಲ್ಲಿ ಹಿಂಗಾರಿನ ಮೋಡ ಕಳೆದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಂಜೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತವೆ.

50 ಮಿ.ಮೀ. ಲೆನ್ಸ್, ಗಟ್ಟಿ ಟ್ರೈಪಾಡ್, 5 ಸೆಕೆಂಡ್ ಎಕ್ಸ್‌ಪೋಷರ್. ಚಿತ್ರ ರಾ ಫಾರ್ಮ್ಯಾಟ್‌ನಲ್ಲೇ ಇರಲಿ. ಜೆಪೆಗ್‌ನಲ್ಲಿ ಕ್ಯಾಮೆರಾ ತನಗೆ ಬೇಕಾದ ಹಾಗೆ ಹೊಳಪನ್ನು ತಿದ್ದಿರುತ್ತದೆ, ಇಮ್ಮಡಿ ಬೆಳಕಿಗೆ ಇಮ್ಮಡಿ ಅಂಕಿ ಬರುವುದಿಲ್ಲ. ಫೋಕಸ್ ಅನ್ನು ಬೇಕೆಂದೇ ತುಸು ಕೆಡಿಸಿ. ಚೂಪಾದ ಚುಕ್ಕಿಯಲ್ಲಿ ನಡುವಿನ ಪಿಕ್ಸೆಲ್ ತುಂಬಿ ಹರಿಯುತ್ತದೆ, ತುಂಬಿದ ಪಿಕ್ಸೆಲ್ ಎಷ್ಟು ಬೆಳಕು ಚೆಲ್ಲಿಹೋಯಿತು ಎಂದು ಹೇಳುವುದಿಲ್ಲ. ಹತ್ತು ಹದಿನೈದು ನಿಮಿಷಕ್ಕೊಮ್ಮೆ 20 ಚಿತ್ರ ತೆಗೆದು ಸರಾಸರಿ ಮಾಡಿ, ನಕ್ಷತ್ರದ ಮಿನುಗು ಅದರಲ್ಲಿ ಅಳಿಯುತ್ತದೆ. ಲೆನ್ಸ್ ಮುಚ್ಚಿ ಅದೇ 5 ಸೆಕೆಂಡಿನ 20 ಕಪ್ಪು ಚಿತ್ರ ತೆಗೆದು ಕಳೆಯಿರಿ. ಲೆನ್ಸಿನ ಅಂಚು ಮಂಕಾಗಿರುವುದನ್ನು ಸರಿಪಡಿಸಲು ಸಂಜೆಯ ಆಕಾಶಕ್ಕೆ ಬಿಳಿ ಬಟ್ಟೆಯ ಮೂಲಕ 20 ಫ್ಲಾಟ್ ಚಿತ್ರ ತೆಗೆದು, ಅದರಿಂದ ಭಾಗಿಸಿ.

ಹೋಲಿಕೆಗೆ ಅದೇ ಚೌಕಟ್ಟಿನಲ್ಲಿ ಬರುವ ಎಪ್ಸಿಲಾನ್ ಪರ್ಸಿ ನಕ್ಷತ್ರವನ್ನು ಹಿಡಿಯಿರಿ, ಕಾಂತಿಮಾನ 2.9. ಎರಡರ ಸುತ್ತಲೂ ಒಂದೇ ಗಾತ್ರದ ವೃತ್ತ ಹಾಕಿ ಒಳಗಿನ ಪಿಕ್ಸೆಲ್‌ಗಳ ಎಣಿಕೆ ಕೂಡಿಸಿ. ಹೊರಗಿನ ಉಂಗುರದಲ್ಲಿ ಆಕಾಶದ ಹೊಳಪು ಅಳೆದು ಕಳೆಯಿರಿ. ಸಿರಿಲ್‌ನಂತಹ ಉಚಿತ ತಂತ್ರಾಂಶ ಇದನ್ನು ಮಾಡುತ್ತದೆ. ನಗರದ ಬೆಳಕು ಎರಡು ನಕ್ಷತ್ರಕ್ಕೂ ಸೇರಿರುವುದರಿಂದ ಹೀಗೆ ಬಹುಪಾಲು ಕಳೆದುಹೋಗುತ್ತದೆ. ಉದಾಹರಣೆಗೆ, ಆಲ್ಗಾಲ್ ಎಣಿಕೆ 12,400, ಎಪ್ಸಿಲಾನ್ 20,000 ಎಂದುಕೊಳ್ಳಿ. ಅನುಪಾತ 0.62, ಅದರ ಲಾಗ್ ಮೈನಸ್ 0.208. ಮೈನಸ್ 2.5ರಿಂದ ಗುಣಿಸಿದರೆ 0.52, 2.9ಕ್ಕೆ ಕೂಡಿಸಿದರೆ 3.42. ಗ್ರಹಣದ ತಳ ಮುಟ್ಟಿದ್ದೀರಿ.

ಎಚ್ಚರ ಬೇಕಾದ ಎರಡು ಕಡೆ. ಆಲ್ಗಾಲ್ ಪಶ್ಚಿಮಕ್ಕೆ ಇಳಿದು 30 ಡಿಗ್ರಿಗೆ ಬಂದರೆ ಅದರ ಬೆಳಕು ನೆತ್ತಿಯ ಮೇಲಿನದ್ದಕ್ಕಿಂತ ಇಮ್ಮಡಿ ವಾತಾವರಣ ದಾಟಿ ಬರುತ್ತದೆ. ಎಪ್ಸಿಲಾನ್ ಇನ್ನೂ ಮೇಲಿರುತ್ತದೆ, ಹೋಲಿಕೆ ಕೆಡುತ್ತದೆ. ಅಷ್ಟರಲ್ಲಿ ನಿಲ್ಲಿಸಿ. ಇನ್ನೊಂದು, ದಿನಾಂಕ. ಜೂಲಿಯನ್ ದಿನ (ಖಗೋಳದಲ್ಲಿ ಬಳಸುವ, ತಿಂಗಳು ವರ್ಷಗಳಿಲ್ಲದ ದಿನಗಳ ನಿರಂತರ ಎಣಿಕೆ) ಶುರುವಾಗುವುದು ವಿಶ್ವಕಾಲದ, ಅಂದರೆ ಗ್ರೀನ್‌ವಿಚ್ ಸಮಯದ ಮಧ್ಯಾಹ್ನ, ನಮಗೆ ಸಂಜೆ 5.30. ಹಾಗಾಗಿ ಬೆಂಗಳೂರಿನ ಇಡೀ ರಾತ್ರಿ ಒಂದೇ ಜೂಲಿಯನ್ ದಿನದೊಳಗೆ ಇರುತ್ತದೆ, ಲೆಕ್ಕಕ್ಕೆ ಎಷ್ಟೊಂದು ಅನುಕೂಲ! ಆದರೆ ವಿಶ್ವಕಾಲದ ತಾರೀಖು ಬದಲಾಗುವುದು ನಮ್ಮ ಬೆಳಗಿನ ಜಾವ 5.30ಕ್ಕೆ. ಕ್ಯಾಮೆರಾ ಗಡಿಯಾರವನ್ನು ಮೊಬೈಲ್ ಸಮಯಕ್ಕೆ ಹೊಂದಿಸಿ, ಎಲ್ಲ ಕಡೆ ಜೂಲಿಯನ್ ದಿನವನ್ನೇ ಬರೆಯಿರಿ. ಎರಡು ಮೂರು ಗ್ರಹಣಗಳ ತಳದ ಸಮಯ ಸಿಕ್ಕರೆ ಅವಧಿಯನ್ನು ನೀವೇ ಲೆಕ್ಕ ಹಾಕಬಹುದು. ಅಳತೆಗಳನ್ನು 1911ರಿಂದ ನಡೆದುಬಂದಿರುವ, ಹೊಳಪು ಬದಲಾಗುವ ನಕ್ಷತ್ರಗಳ ವೀಕ್ಷಕರ ಅಮೆರಿಕದ ಎಎವಿಎಸ್‌ಒ ಸಂಘಕ್ಕೆ ಕಳಿಸಿ, ಹವ್ಯಾಸಿಗಳ ಅಳತೆಗೂ ಅಲ್ಲಿ ಜಾಗವಿದೆ.

ಪ್ರಶ್ನೆ: ಮಗಳು ಭೌತಶಾಸ್ತ್ರವೇ ಬೇಕು ಎನ್ನುತ್ತಾಳೆ. ಸಂಪಾದನೆ ಯಾವಾಗ ಶುರು? — ತಂದೆ, ಯಲಹಂಕ

ಉತ್ತರ: ನೇರವಾಗಿ ಹೇಳುವುದಾದರೆ, ಬಿಎಸ್ಸಿ ಮೂರು, ಎಂಎಸ್ಸಿ ಎರಡು, ಪಿಎಚ್‌ಡಿ ಐದಾರು ವರ್ಷ. ಪಿಎಚ್‌ಡಿಯಲ್ಲಿ ಫೆಲೋಶಿಪ್ ಬರುತ್ತದೆ: 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಖಾಯಂ ಸಂಶೋಧನಾ ಹುದ್ದೆ ಸಿಗುವ ಹೊತ್ತಿಗೆ ಮೂವತ್ತು ದಾಟಿರುತ್ತದೆ, ಅದೂ ಎಲ್ಲರಿಗೂ ಸಿಗುವುದಿಲ್ಲ. ಎಂಎಸ್ಸಿ ನಂತರ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜು ಬೋಧನೆಯ ಅರ್ಹತೆ ಇದೆ. ದತ್ತಾಂಶ ವಿಶ್ಲೇಷಣೆ, ಆಪ್ಟಿಕ್ಸ್, ಮಾಪನ ಉಪಕರಣಗಳ ಕೆಲಸಗಳು ಬೆಂಗಳೂರಿನಲ್ಲೇ ಇವೆ, ಆದರೆ ಕೋಡಿಂಗ್ ಅಥವಾ ಎಲೆಕ್ಟ್ರಾನಿಕ್ಸ್ ಕೈಯಲ್ಲಿರಬೇಕು. ಅವಳಿಗೆ ಆಸಕ್ತಿ ಇದೆಯೆಂದರೆ ತಡೆಯಬೇಡಿ. ಹತ್ತು ವರ್ಷದ ಲೆಕ್ಕವನ್ನು ಮಾತ್ರ ಇಬ್ಬರೂ ಕೂತು ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಕೊನೆಯ ವರ್ಷ. ಖಗೋಳಕ್ಕೆ ಬರಲು ತಡವಾಯಿತೇ? — ಓದುಗ, ಕೆಂಗೇರಿ

ಉತ್ತರ: ಇಲ್ಲ. ರೇಡಿಯೊ ಖಗೋಳದಲ್ಲಿ ನಿಮ್ಮಂಥವರೇ ಬೇಕು: ಆಂಟೆನಾ, ಕಡಿಮೆ ಸದ್ದಿನ ಆಂಪ್ಲಿಫೈಯರ್, ಎಫ್‌ಪಿಜಿಎ (ಬೇಕಾದಂತೆ ಪ್ರೋಗ್ರಾಂ ಮಾಡಬಹುದಾದ ಚಿಪ್). ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದ ಗೌರಿಬಿದನೂರಿನಲ್ಲಿ 1976ರಿಂದ ರೇಡಿಯೊ ವೀಕ್ಷಣಾಲಯವಿದೆ. ಪುಣೆ ಬಳಿಯ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳ ರೇಡಿಯೊ ದೂರದರ್ಶಕ ಜಿಎಂಆರ್‌ಟಿ ಇದೆ. ನಿಮಗೆ ಕೊರತೆ ಇರುವುದು ಕ್ವಾಂಟಂ ಮತ್ತು ಸಾಂಖ್ಯಿಕ ಭೌತಶಾಸ್ತ್ರದಲ್ಲಿ. ಭೌತಶಾಸ್ತ್ರದ ಪಿಎಚ್‌ಡಿ ಪ್ರವೇಶಕ್ಕಿರುವ ಜೆಸ್ಟ್ ಪರೀಕ್ಷೆಯ ಪಠ್ಯಕ್ರಮವನ್ನು ಮುಂದಿಟ್ಟುಕೊಂಡು ಒಂದು ವರ್ಷ ಓದಿ. ಬಿಇ ಅಭ್ಯರ್ಥಿಗಳನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬುದನ್ನು ಪ್ರತಿ ಸಂಸ್ಥೆಯ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಬೇಸಿಗೆ ಇಂಟರ್ನ್‌ಶಿಪ್‌ಗೆ ಇಪ್ಪತ್ತು ಇಮೇಲ್ ಕಳಿಸಿದೆ. ಒಂದಕ್ಕೂ ಉತ್ತರವಿಲ್ಲ. ಎಂಎಸ್ಸಿ ಪ್ರವೇಶದ ಜಾಮ್ ಪರೀಕ್ಷೆಗೂ ಸಲಹೆ ಬೇಕು. — ವಿದ್ಯಾರ್ಥಿನಿ, ಹೆಬ್ಬಾಳ

ಉತ್ತರ: ಒಂದೇ ಪತ್ರವನ್ನು ಇಪ್ಪತ್ತು ಜನರಿಗೆ ಕಳಿಸಿದ್ದರೆ ಅದು ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ನಾಲ್ಕು ಜನರನ್ನು ಆರಿಸಿ, ಪ್ರತಿಯೊಬ್ಬರ ಒಂದು ಪ್ರಬಂಧದ ಪೀಠಿಕೆ ಮತ್ತು ಚಿತ್ರಗಳನ್ನಾದರೂ ಓದಿ, ನಿಮಗೆ ಅರ್ಥವಾಗದ ಒಂದು ನಿರ್ದಿಷ್ಟ ಪ್ರಶ್ನೆ ಬರೆಯಿರಿ. ಹತ್ತು ಸಾಲು ಮೀರಬೇಡಿ. ಮಾಡಿದ ಕೆಲಸಕ್ಕೆ ಪುರಾವೆ ಲಗತ್ತಿಸಿ. ಮೇಲೆ ಹೇಳಿದ ಆಲ್ಗಾಲ್ ಗ್ರಾಫ್ ಒಂದಿದ್ದರೆ ಅಂಕಪಟ್ಟಿಗಿಂತ ಹೆಚ್ಚು ಮಾತಾಡುತ್ತದೆ. ಇದರ ಜೊತೆಗೆ ಅರ್ಜಿ ಕರೆಯುವ ದಾರಿಗಳನ್ನು ಬಿಡಬೇಡಿ: ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್. ಅಕಾಡೆಮಿ ಫೆಲೋಶಿಪ್‌ಗೆ ಅರ್ಜಿ ಬೇಸಿಗೆಗೆ ಎಷ್ಟೋ ತಿಂಗಳು ಮೊದಲೇ, ಚಳಿಗಾಲದ ಹೊತ್ತಿಗೇ ಮುಗಿದಿರುತ್ತದೆ, ಏಪ್ರಿಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ನೆಹರು ತಾರಾಲಯದಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿಯೇ ‘ರೀಪ್’ ಎಂಬ ತರಬೇತಿ ಇದೆ, ವಿಚಾರಿಸಿ.

ಜಾಮ್‌ನಲ್ಲಿ ಮೂರು ಗಂಟೆ, 60 ಪ್ರಶ್ನೆ, 100 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದು ಮೊದಲ ಭಾಗದಲ್ಲಿ ಮಾತ್ರ. ಅಂಕಿ ಟೈಪ್ ಮಾಡುವ 20 ಪ್ರಶ್ನೆಗಳಲ್ಲಿ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಪರದೆಯ ಮೇಲಿನ ಕ್ಯಾಲ್ಕುಲೇಟರ್ ನಿಧಾನ, ಮನೆಯಲ್ಲೂ ಅದರಲ್ಲೇ ಅಭ್ಯಾಸ ಮಾಡಿ.

ಪ್ರಶ್ನೆ: ಶೂನ್ಯ ನೆರಳಿನ ದಿನ ಶಾಲಾ ಮಕ್ಕಳ ಜೊತೆ ಭೂಮಿಯ ಸುತ್ತಳತೆ ಅಳೆಯಬಹುದೇ? — ಶಿಕ್ಷಕಿ, ಬಸವನಗುಡಿ

ಉತ್ತರ: ಚೆನ್ನಾಗಿ ಅಳೆಯಬಹುದು. ಬೆಂಗಳೂರಿನಲ್ಲಿ ಆ ದಿನ ವರ್ಷಕ್ಕೆ ಎರಡು: ಏಪ್ರಿಲ್ 24–25 ಮತ್ತು ಆಗಸ್ಟ್ 18ರ ಸುಮಾರಿಗೆ. ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು 12.17–12.18ಕ್ಕೆ, ಆಗಸ್ಟ್‌ನಲ್ಲಿ 12.24ರ ಹೊತ್ತಿಗೆ, ಆದರೆ ಆಗಸ್ಟ್‌ನಲ್ಲಿ ಮೋಡದ ಭಯ. ನಿಮಗೆ ದೆಹಲಿಯಲ್ಲಿ ಒಬ್ಬ ಜೊತೆಗಾರರು ಬೇಕು, ಎರಡೂ ಊರು ಬಹುತೇಕ ಒಂದೇ ರೇಖಾಂಶದಲ್ಲಿವೆ. ಇಲ್ಲಿ ನೆರಳು ಇಲ್ಲದ ಅದೇ ದಿನ ದೆಹಲಿಯ ಮಧ್ಯಾಹ್ನ ಒಂದು ಮೀಟರ್ ಕೋಲಿನ ನೆರಳು 28 ಸೆಂಟಿಮೀಟರ್. ಅಂದರೆ 15.6 ಡಿಗ್ರಿ ಕೋನ. ಊರುಗಳ ನಡುವಿನ ನೇರ ದೂರ ಸುಮಾರು 1,740 ಕಿ.ಮೀ. ಅದನ್ನು 360ರಿಂದ ಗುಣಿಸಿ 15.6ರಿಂದ ಭಾಗಿಸಿದರೆ 40,000 ಕಿ.ಮೀ.ಗೆ ಹತ್ತಿರ ಬರುತ್ತದೆ.

ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅದಕ್ಕೇ ನೆರಳಿನ ತುದಿ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಮಸುಕಿನ ನಡುವೆ ಗುರುತು ಹಾಕಿ. ಅರ್ಧ ಸೆಂಟಿಮೀಟರ್ ತಪ್ಪಿದರೂ ಸುತ್ತಳತೆ 700 ಕಿ.ಮೀ.ನಷ್ಟು ಆಚೀಚೆ ಆಗುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಕೋಲು ವಾಲುವುದು: ಉತ್ತರಕ್ಕೋ ದಕ್ಷಿಣಕ್ಕೋ ಒಂದೇ ಡಿಗ್ರಿ ವಾಲಿದರೂ ಉತ್ತರದಲ್ಲಿ ಶೇ 6 ವ್ಯತ್ಯಾಸ. ಗಾರೆ ಕೆಲಸದವರ ತೂಗುಗುಂಡು ಒಂದನ್ನು ತಂದು, ಕೋಲಿನ ಎರಡು ಬದಿಯಿಂದ ದಾರ ಇಳಿಬಿಟ್ಟು ನೇರ ಮಾಡಿಸಿ. ಆ ಕೆಲಸವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, 12 ಗಂಟೆಗೆ ಮೊದಲೇ ಮುಗಿದಿರಲಿ.